ಹಳೇ ಅಂಬಾಸಿಡರ್ ಪೆಟ್ರೋಲ್ ಟ್ಯಾಂಕ್ ಮನೇಲೇ ಬದಲಾಯಿಸಬಹುದಾ?

ಪ್ರಶ್ನೆ: ಸರ್ ನಮಸ್ಕಾರ, ನಾವು ಹನುಮಂತನಗರದವರು. ಅಪ್ಪ ಓಡಿಸ್ತಿದ್ದ 1986ರ ಪೆಟ್ರೋಲ್ ಅಂಬಾಸಿಡರ್ ಮಾರ್ಕ್ 4 ಮನೇಲಿದೆ. ಎರಡು ವರ್ಷ ಓಡಿಸ್ದೆ ಹಾಗೇ ನಿಂತಿತ್ತು, ಈಗ ಆಯುಧಪೂಜೆ ಹೊತ್ತಿಗೆ ರೆಡಿ ಮಾಡ್ಬೇಕು ಅಂತ ಆಸೆ. ಫುಲ್ ಟ್ಯಾಂಕ್ ಹಾಕಿಸಿದ್ರೆ ಹಿಂದಿನ ಸೀಟಲ್ಲಿ ಪೆಟ್ರೋಲ್ ವಾಸನೆ ತಡೆಯಕ್ಕಾಗಲ್ಲ, ಟ್ಯಾಂಕ್ ಕೆಳಗಡೆ ಜಾಯಿಂಟ್ ಹತ್ರ ಒದ್ದೆ ಕಾಣುತ್ತೆ, ಫಿಲ್ಟರಲ್ಲಿ ಪದೇ ಪದೇ ಕಂದು ಪುಡಿ ತುಂಬ್ಕೊಂಡು ಗಾಡಿ ಜರ್ಕ್ ಹೊಡ್ದು ನಿಂತ್ಹೋಗುತ್ತೆ. ಪಕ್ಕದ ರಸ್ತೆ ವೆಲ್ಡಿಂಗ್ ಅಂಗಡಿಯವರು ನೀರು ತುಂಬಿ ಗ್ಯಾಸ್ ವೆಲ್ಡಿಂಗ್ ಮಾಡ್ಕೊಡ್ತೀನಿ ಅಂದ್ರು, ಮೆಕ್ಯಾನಿಕ್ ಒಳಗಡೆ ಕೋಟಿಂಗ್ ಹಾಕಿಸಿ ಸಾಕು ಅಂದ್ರು. ಅಕ್ಕನ ಮಗ ಡಿಪ್ಲೊಮಾ ಓದ್ತಿದಾನೆ, ಮಾಮ ನಾಲ್ಕು ಬೋಲ್ಟ್ ಅಷ್ಟೇ, ಹೊಸ ಟ್ಯಾಂಕ್ ತಂದು ಪೋರ್ಟಿಕೋಲಿ ನಾವೇ ಹಾಕೋಣ ಅಂತಾನೆ. ಪೋರ್ಟಿಕೋ ಕೆಳಗೆ ಸಂಪ್ ಇದೆ. ಅಮ್ಮ ಮನೆ ಹತ್ರ ಪೆಟ್ರೋಲ್ ಕೆಲಸ ಬೇಡ್ವೇ ಬೇಡ ಅಂತಿದಾರೆ. ಯಾರ ಮಾತು ಕೇಳ್ಲಿ?

ಉತ್ತರ: ನಿಮ್ಮ ಪತ್ರದಲ್ಲಿ ನಂಗೆ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬಿದ್ದಿದ್ದು ಪೋರ್ಟಿಕೋ ಕೆಳಗೆ ಸಂಪ್ ಇದೆ ಅನ್ನೋ ಮಾತು. ಬೆಂಗಳೂರಲ್ಲಿ ಮುಕ್ಕಾಲು ಮನೆ ಹಂಗೇ ಇರೋದು, ಕಾರ್ ನಿಲ್ಸೋ ಜಾಗದ ಕೆಳಗೇ ಸಂಪ್, ಗೋಡೇಲಿ ಮೋಟರ್ ಸ್ವಿಚ್ಚು, ಮೆಟ್ಟಿಲ ಕೆಳಗೆ ಯುಪಿಎಸ್ಸು, ಎದುರಿಗೇ ತುಳಸಿ ಕಟ್ಟೆ ದೀಪ. ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ, ಮೇಲೆ ಹೋಗಿ ಹರಡಿ ಹಾಳಾಗಲ್ಲ, ಚೆಲ್ಲಿದ ನೀರಿನ ಥರ ನೆಲದ ಮೇಲೇ ಹರಿದು ತಗ್ಗು ಎಲ್ಲಿದೆಯೋ ಅಲ್ಲಿ ಹೋಗಿ ಕೂರುತ್ತೆ. ಸಂಪ್ ಮುಚ್ಚಳ ಎಷ್ಟೇ ಚೆನ್ನಾಗಿ ಕೂತಿದ್ರೂ ಸಂದು ಇದ್ದೇ ಇರುತ್ತೆ. ಟ್ಯಾಂಕ್ ಖಾಲಿ ಮಾಡಿ ಎಲ್ಲ ಮುಗೀತು ಅಂತ ನೀವು ಕೈ ತೊಳ್ಕೊಳ್ಳೋಣ ಅಂತ ಹೋಗಿ, ಮೇಲಿಂದ ಯಾರೋ ಮೋಟರ್ ಆನ್ ಮಾಡಿದ್ರೆ ಸ್ವಿಚ್ಚಲ್ಲಿ ಬರೋ ಒಂದು ಕಿಡಿ ಸಾಕು. ಅದಕ್ಕೆ ಜಾಗದ ವಿಷಯದಲ್ಲಿ ಅಮ್ಮನ ಮಾತೇ ಸರಿ, ಆ ಪೋರ್ಟಿಕೋಲಿ ಪೆಟ್ರೋಲ್ ಇಳಿಸೋ ಕೆಲಸ ಬೇಡ. ಆದ್ರೆ ಮನೇಲಿ ಏನೂ ಮಾಡ್ಲೇಬಾರ್ದು ಅಂತಲೂ ಅಲ್ಲ, ತುಂಬಾ ಕೆಲಸ ನೀವೂ ನಿಮ್ಮ ಅಳಿಯನೂ ಸೇರಿ ಮಾಡ್ಬಹುದು, ಯಾವುದು ಅಂತ ಮುಂದೆ ಹೇಳ್ತೀನಿ.

ಅದಕ್ಕೂ ಮೊದಲು ಒಂದು ವಿಷಯ ಖಚಿತ ಮಾಡ್ಕೊಳ್ಳಿ, ಸೋರ್ತಿರೋದು ಟ್ಯಾಂಕೇನಾ ಅಂತ. ಫುಲ್ ಹಾಕಿಸಿದಾಗ ಮಾತ್ರ ವಾಸನೆ ಜಾಸ್ತಿ ಅಂದಿದೀರಲ್ಲ, ಅದು ಟ್ಯಾಂಕ್ ತಳ ತೂತಾಗಿರೋ ಲಕ್ಷಣ ಅಲ್ಲ. ತಳ ತೂತಾಗಿದ್ರೆ ಕಾಲು ಟ್ಯಾಂಕ್ ಇದ್ರೂ ಸೋರುತ್ತೆ. ಫುಲ್ ಇದ್ದಾಗ ಮಾತ್ರ ಅಂದ್ರೆ ಮೇಲ್ಗಡೆ ಎಲ್ಲೋ ಇದೆ, ಪೆಟ್ರೋಲ್ ಹಾಕೋ ಪೈಪಿಗೂ ಟ್ಯಾಂಕಿಗೂ ಮಧ್ಯೆ ಇರೋ ರಬ್ಬರ್ ಹೋಸ್ ಬಿರುಕು ಬಿಟ್ಟಿರುತ್ತೆ, ಇಲ್ಲಾ ಫ್ಯುಯೆಲ್ ಗೇಜಿನ ಫ್ಲೋಟ್ ಕೂತಿರೋ ಜಾಗದ ಕಾರ್ಕ್ ಗ್ಯಾಸ್ಕೆಟ್ ಒಣಗಿ ಕುಗ್ಗಿರುತ್ತೆ, ಎರಡು ವರ್ಷ ನಿಂತ ಗಾಡೀಲಿ ಇದು ತೀರಾ ಸಾಮಾನ್ಯ. ಅಲ್ಲಿಂದ ಜಿನುಗಿದ ಪೆಟ್ರೋಲ್ ಟ್ಯಾಂಕ್ ಮೈ ಮೇಲೆ ಇಳಿದು ಬಂದು ಕೆಳಗಿನ ಜಾಯಿಂಟಲ್ಲಿ ನಿಲ್ಲುತ್ತೆ, ನೋಡೋರಿಗೆ ಜಾಯಿಂಟೇ ಸೋರ್ತಿದೆ ಅನ್ಸುತ್ತೆ. ಕಂಡು ಹಿಡಿಯೋದು ಸುಲಭ, ಹೊರಗಡೆ ಬಯಲಲ್ಲಿ ಗಾಡಿ ನಿಲ್ಸಿ ಟ್ಯಾಂಕ್ ಹೊರಮೈ ಒಣಬಟ್ಟೇಲಿ ಒರೆಸಿ, ಸೀಮೆಸುಣ್ಣ ಪುಡಿ ಮಾಡಿ ಫಿಲ್ಲರ್ ಹೋಸ್ ಸುತ್ತ, ಫ್ಲೋಟ್ ಸುತ್ತ, ಜಾಯಿಂಟ್ ಉದ್ದಕ್ಕೂ ಉದುರಿಸಿ ಅರ್ಧ ಗಂಟೆ ಬಿಡಿ, ಪುಡಿ ಎಲ್ಲಿ ಮೊದಲು ಒದ್ದೆ ಆಗುತ್ತೋ ಅದೇ ಜಾಗ. ಎಷ್ಟೋ ಜನ ಚೆನ್ನಾಗಿರೋ ಟ್ಯಾಂಕನ್ನ ಗುಜರಿಗೆ ಹಾಕಿ ಹೊಸದು ತಂದು, ಅದೇ ಹಳೇ ಹೋಸ್ ಹಾಕಿ ಮತ್ತೆ ವಾಸನೆ ಬರ್ತಿದೆ ಅಂತ ಬರ್ತಾರೆ.

ಆದ್ರೆ ನಿಮ್ಮ ಕೇಸಲ್ಲಿ ಫಿಲ್ಟರಿಗೆ ಕಂದು ಪುಡಿ ಬರ್ತಿದೆ, ಅದು ಬೇರೆ ಕಥೆ. ಅಂದ್ರೆ ವಾಸನೆಗೆ ಹೋಸು ಗ್ಯಾಸ್ಕೆಟ್ ಕಾರಣ ಆಗಿರಬಹುದು, ಆದ್ರೆ ಟ್ಯಾಂಕ್ ಒಳಗೂ ತುಕ್ಕು ಇದೆ. ಎರಡೂ ಇದೆ ಅಂತ್ಲೇ ಇಟ್ಕೊಂಡು ಹೇಳ್ತೀನಿ.

ತುಕ್ಕು ಯಾಕೆ ಹಿಡೀತು? ಗಾಡಿ ಅರ್ಧ ಟ್ಯಾಂಕಲ್ಲಿ ನಿಂತಿತ್ತು ಅಂದ್ರೆ ಮೇಲಿನ ಅರ್ಧ ಗಾಳಿ. ರಾತ್ರಿ ತಣ್ಣಗಾದಾಗ ಆ ಗಾಳೀಲಿರೋ ತೇವ ತಗಡಿನ ಮೇಲೆ ಹನಿಯಾಗಿ ಕೂರುತ್ತೆ, ಪೆಟ್ರೋಲಿಗಿಂತ ನೀರು ಭಾರ ಆಗಿರೋದ್ರಿಂದ ಕೆಳಗಿಳಿದು ತಳದಲ್ಲಿ ನಿಲ್ಲುತ್ತೆ. ಅದಕ್ಕೇ ತುಕ್ಕು ಎರಡು ಕಡೆ ಜಾಸ್ತಿ, ಮೇಲಿನ ತಗಡು ಮತ್ತು ತಳದ ಮೂಲೆ. ಇದರ ಜೊತೆ ಈಗ ಎಥನಾಲ್ ಸೇರ್ಕೊಂಡಿದೆ. 2023ರ ಫೆಬ್ರವರೀಲಿ ನಮ್ಮ ಬೆಂಗಳೂರಲ್ಲೇ ನಡೆದ ಇಂಡಿಯಾ ಎನರ್ಜಿ ವೀಕಲ್ಲಿ ಇ20 ಪೆಟ್ರೋಲ್ ಬಿಡುಗಡೆ ಆಯ್ತು, ಅಂದ್ರೆ ಶೇಕಡ 20 ಎಥನಾಲ್, ಈಗ ಬಂಕಲ್ಲಿ ಸಾಮಾನ್ಯವಾಗಿ ಸಿಗೋದು ಅದೇ. ಎಥನಾಲ್ ಗಾಳೀಲಿರೋ ನೀರನ್ನ ಹೀರ್ಕೊಳ್ಳುತ್ತೆ, ಒಂದು ಮಿತಿ ದಾಟಿದ ಮೇಲೆ ನೀರೂ ಎಥನಾಲೂ ಸೇರಿ ಪೆಟ್ರೋಲಿಂದ ಬೇರೆಯಾಗಿ ತಳಕ್ಕೆ ಹೋಗಿ ಕೂರುತ್ತೆ. ತಗಡಿಗೆ ಅದಕ್ಕಿಂತ ಕೆಟ್ಟದ್ದು ಇಲ್ಲ. ಆ ಕಾಲದ ಟ್ಯಾಂಕುಗಳಿಗೆ ಒಳಗಡೆ ಸೀಸ ತವರದ ಲೇಪನ ಇರೋದುಂಟು, ಅದನ್ನೂ ತಿನ್ನುತ್ತೆ, ಹಳೇ ರಬ್ಬರನ್ನೂ ಉಬ್ಬಿಸಿ ಬಿರುಕು ಬಿಡಿಸುತ್ತೆ. ಜೊತೆಗೆ ವರ್ಷಾನುಗಟ್ಟಲೆ ಗೋಡೆಗೆ ಅಂಟಿದ್ದ ಹಳೇ ಜಿಗುಟನ್ನ ಕರಗಿಸಿ ಎಬ್ಬಿಸುತ್ತೆ, ನಿಮ್ಮ ಫಿಲ್ಟರಿಗೆ ಬರ್ತಿರೋ ಪುಡೀಲಿ ಅರ್ಧ ತುಕ್ಕು ಅರ್ಧ ಇದೇ ಇರುತ್ತೆ. ಹೊರಗಡೆಯಿಂದಲೂ ತಿನ್ನೋದಿದೆ, ಟ್ಯಾಂಕಿನ ಅಂಚಲ್ಲಿ, ಹಿಡ್ಕೊಂಡಿರೋ ಪಟ್ಟಿ ಕೆಳಗೆ ಕೆಸರು ಸಿಕ್ಕಾಕೊಂಡು ಮಳೆಗಾಲ ಪೂರ್ತಿ ಒದ್ದೆಯಾಗೇ ಇರುತ್ತೆ. ಗಾಡಿ ಮೇಲೆ ಇರೋವಾಗ ಅದು ಕಾಣಲ್ಲ, ಇಳಿಸಿದಾಗ್ಲೇ ಗೊತ್ತಾಗೋದು.

ಈಗ ವೆಲ್ಡಿಂಗ್ ಅಂಗಡಿಯವರ ಮಾತು. ನೀರು ತುಂಬಿ ವೆಲ್ಡ್ ಮಾಡೋದು ಬೆಂಗಳೂರಲ್ಲಿ ಮಾತ್ರ ಅಲ್ಲ ಎಲ್ಲ ಕಡೆ ಮಾಡ್ತಾರೆ, ಬಹಳ ಸಲ ಏನೂ ಆಗಲ್ಲ, ಅದಕ್ಕೇ ಜನಕ್ಕೆ ನಂಬಿಕೆ ಬಂದ್ಬಿಟ್ಟಿದೆ. ಇದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಜನ ಸಾಯೋದು ಇಲ್ಲೇ. ಖಾಲಿ ಟ್ಯಾಂಕ್ ಸೇಫು, ತುಂಬಿದ್ರೆ ಡೇಂಜರ್ ಅಂತ ಎಲ್ಲರೂ ಅಂದ್ಕೊಳ್ತಾರೆ, ವಾಸ್ತವ ಉಲ್ಟಾ. ಗಾಳೀಲಿ ಪೆಟ್ರೋಲ್ ಆವಿ ಸುಮಾರು ಶೇಕಡ 1.4ರಿಂದ 7.6ರ ಮಧ್ಯೆ ಇದ್ದಾಗ ಮಾತ್ರ ಹೊತ್ಕೊಳ್ಳೋದು, ಪೆಟ್ರೋಲ್ ತುಂಬಿರೋ ಟ್ಯಾಂಕ್ ಒಳಗೆ ಆವಿ ಅದಕ್ಕಿಂತ ಎಷ್ಟೋ ಜಾಸ್ತಿ ಇರುತ್ತೆ, ಗಾಳಿ ಸಾಲಲ್ಲ. ಖಾಲಿ ಮಾಡಿದ ಮೇಲೆ ಗಾಳಿ ಒಳಗೆ ಬರುತ್ತೆ, ಸರಿಯಾದ ಪ್ರಮಾಣಕ್ಕೆ ಬರುತ್ತೆ. 50 ಲೀಟರ್ ಹಿಡಿಯೋ ಟ್ಯಾಂಕ್ ಒಳಗೆ ಒಂದು ಟೀ ಚಮಚದಷ್ಟು ಪೆಟ್ರೋಲ್ ಆವಿಯಾಗಿದ್ರೂ ಸಿಡಿಯೋಕೆ ಸಾಕು. ಪೆಟ್ರೋಲ್ ಸುಮಾರು ಮೈನಸ್ 40 ಡಿಗ್ರೀಲೇ ಹೊತ್ಕೊಳ್ಳೋಷ್ಟು ಆವಿ ಬಿಡುತ್ತೆ, ಬೆಂಗಳೂರು ಚಳೀನೂ ಅದಕ್ಕೆ ಬಿಸಿಲೇ.

ನೀರು ತುಂಬಿದ್ರೆ ಆವಿಗೆ ಜಾಗ ಇರಲ್ಲ ಅನ್ನೋದು ಲೆಕ್ಕ. ಆದ್ರೆ ವೆಲ್ಡ್ ಮಾಡೋ ತೂತು ನೀರಿಂದ ಮೇಲೆ ಇರ್ಬೇಕು, ಅಂದ್ರೆ ಅಲ್ಲೊಂದು ಖಾಲಿ ಜಾಗ ಇದ್ದೇ ಇರುತ್ತೆ. ಜಾಯಿಂಟ್ ಮಡಿಕೇಲಿ, ತುಕ್ಕಿನ ಪದರದಲ್ಲಿ, ಪೆಟ್ರೋಲ್ ಹೊಯ್ದಾಡದಂಗೆ ಒಳಗೆ ಇಟ್ಟಿರೋ ಅಡ್ಡ ತಗಡುಗಳ ಹಿಂದೆ ಹಳೇ ಪೆಟ್ರೋಲ್ ಸಿಕ್ಕಿರುತ್ತೆ, ನೀರು ಅದನ್ನ ತೊಳೆಯಲ್ಲ, ವೆಲ್ಡಿಂಗ್ ಟಾರ್ಚಿನ ಬಿಸಿ ತಾಗಿದಾಗ ಅದು ಆಚೆ ಬರುತ್ತೆ, ಬಂದು ಆ ಖಾಲಿ ಜಾಗದಲ್ಲಿ ನಿಲ್ಲುತ್ತೆ. ಕಾರಿನ ಹೊಗೆ ಪೈಪಿಗೆ ಹೋಸ್ ಹಾಕಿ ಟ್ಯಾಂಕ್ ಒಳಗೆ ಹೊಗೆ ಬಿಟ್ಟು ವೆಲ್ಡ್ ಮಾಡೋರೂ ಇದಾರೆ, ಅದೂ ಬೇಡ. ರಿಪೇರಿನೇ ಮಾಡಿಸ್ಬೇಕು ಅಂದ್ರೆ ರೇಡಿಯೇಟರ್ ಕೆಲಸ ಮಾಡೋ ಹಳೇ ಅಂಗಡಿ ಹುಡುಕಿ, ಬಿಸಿ ಕಾಸ್ಟಿಕ್ ದ್ರಾವಣದಲ್ಲಿ ಟ್ಯಾಂಕ್ ಕುದಿಸಿ, ಹಬೆ ಹಾಯಿಸಿ, ಆಮೇಲೆ ಕಡಿಮೆ ಬಿಸೀಲಿ ಬ್ರೇಜಿಂಗ್ (ಹಿತ್ತಾಳೆ ಥರದ ಲೋಹ ಕರಗಿಸಿ ಬೆಸೆಯೋದು) ಇಲ್ಲಾ ಸೋಲ್ಡರ್ ಮಾಡೋರು. ಮೊದಲೇ ಕೇಳಿ, ಹೆಂಗೆ ತೊಳೀತೀರಾ ಅಂತ. ಬಿಡಿ ಸಾರ್ ನೀರು ಹಾಕಿದ್ರೆ ಆಯ್ತು ಅಂದ್ರೆ ಟ್ಯಾಂಕ್ ಎತ್ಕೊಂಡು ಬನ್ನಿ.

ಸಾಬೂನು ಉಜ್ಜೋದು, ಎಂ-ಸೀಲ್ ಮೆತ್ತೋದು ಇವೆಲ್ಲ ದಾರೀಲಿ ತೂತು ಬಿದ್ರೆ ಮನೆ ಸೇರ್ಕೊಳ್ಳೋಕೆ ಸರಿ. ಸಾಬೂನು ಪೆಟ್ರೋಲಲ್ಲಿ ಕರಗಲ್ಲ, ಅದಕ್ಕೇ ನಿಲ್ಲುತ್ತೆ. ಅದನ್ನೇ ನಂಬ್ಕೊಂಡು ತಿಂಗಳುಗಟ್ಟಲೆ ಓಡಿಸ್ಬೇಡಿ.

ಮೆಕ್ಯಾನಿಕ್ ಹೇಳಿದ ಕೋಟಿಂಗ್ ಬಗ್ಗೆ ನನ್ನ ಅಭಿಪ್ರಾಯ ಇಷ್ಟು. ತಗಡು ಗಟ್ಟಿ ಇದೆ, ಒಳಗೆ ತೆಳು ತುಕ್ಕು ಮಾತ್ರ ಅಂದ್ರೆ ಮಾಡಿಸ್ಬಹುದು, ಎಥನಾಲ್ ತಡೆಯೋ ಎಪಾಕ್ಸಿ ಅಂತ ಡಬ್ಬಿ ಮೇಲೆ ಬರೆದಿರೋದನ್ನೇ ತಗೊಳ್ಳಿ. ಆದ್ರೆ ಒಳಗೆ ಪೂರ್ತಿ ಎಣ್ಣೆ ಜಿಡ್ಡು ಹೋಗಿ, ತುಕ್ಕು ಹೋಗಿ, ಚೂರೂ ತೇವ ಇಲ್ದಂಗೆ ಒಣಗಿದ್ರೆ ಮಾತ್ರ ಅದು ಹಿಡ್ಕೊಳ್ಳೋದು. ಅಡ್ಡ ತಗಡಿನ ಹಿಂದೆ ಒಂದು ಕಡೆ ಹಿಡೀಲಿಲ್ಲ ಅಂದ್ರೆ ಒಂದು ವರ್ಷ ಬಿಟ್ಟು ಸಿಪ್ಪೆ ಸಿಪ್ಪೆಯಾಗಿ ಎದ್ದು ಪೈಪ್ ಬಾಯಿಗೆ ಕೂರುತ್ತೆ, ಫ್ಲೈಓವರ್ ಮಧ್ಯೆ ಗಾಡಿ ನಿಲ್ಲುತ್ತೆ. ಸೂಜಿ ತೂತು ಬಿದ್ದಿರೋ ಟ್ಯಾಂಕಿಗೆ ಕೋಟಿಂಗ್ ಬೇಡ, ಕಾಣೋ ತೂತು ಒಂದು ಅಂದ್ರೆ ಸುತ್ತ ತಗಡು ಕಾಗದ ಆಗಿರುತ್ತೆ. ಒಂದ್ಸಲ ಕೋಟಿಂಗ್ ಹಾಕಿದ್ರೆ ಮುಂದೆ ಅದಕ್ಕೆ ಬ್ರೇಜಿಂಗೂ ಆಗಲ್ಲ.

ಉಳಿದಿದ್ದು ಬದಲಾಯಿಸೋದು. ನಿಮ್ಮ ಗಾಡಿಗೆ ನಾನು ಇದನ್ನೇ ಹೇಳೋದು, ಕೆಳಗಿನ ತಗಡಲ್ಲಿ ಸ್ಕ್ರೂಡ್ರೈವರ್ ತುದಿ ಒತ್ತಿದ್ರೆ ಒಳಗೆ ಹೋಗೋ ಹಂಗಿದ್ರೆ ಯೋಚನೆನೇ ಮಾಡ್ಬೇಡಿ. ಎಲ್ಲಿ ಸಿಗುತ್ತೆ? ಜೆಸಿ ರೋಡಲ್ಲಿ ಅಂಬಾಸಿಡರ್ ಸ್ಪೇರ್ಸ್ ಇಟ್ಟಿರೋ ಹಳೇ ಅಂಗಡಿಗಳಲ್ಲಿ ಮೊದಲು ವಿಚಾರಿಸಿ, ಈ ಗಾಡಿ 2014ರ ತನಕ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗ್ತಿತ್ತು, ಹಾಗಾಗಿ ಬೇರೆ ಹಳೇ ಕಾರುಗಳಿಗಿಂತ ಸಾಮಾನು ಸಿಗೋ ಸಾಧ್ಯತೆ ಜಾಸ್ತಿ. ಡೀಸೆಲ್ ಮಾಡೆಲ್ ಟ್ಯಾಂಕ್ ಕೊಟ್ರೆ ಸುಮ್ನೆ ತರ್ಬೇಡಿ, ಅದರಲ್ಲಿ ವಾಪಸ್ ಬರೋ ಪೈಪ್ ಇರುತ್ತೆ, ಅದನ್ನ ಮುಚ್ಬೇಕಾಗುತ್ತೆ. ಶಿವಾಜಿನಗರದ ಗುಜರೀಲಿ ಹಳೇದು ಸಿಕ್ಕಿದ್ರೆ ಟಾರ್ಚ್ ಬಿಟ್ಟು ಒಳಗೆ ನೋಡಿ, ಅಲ್ಲಾಡಿಸಿ, ಒಳಗೆ ಪುಡಿ ಸದ್ದು ಬಂದ್ರೆ ನಿಮ್ಮ ಮನೇಲಿರೋದೇ ಅದು.

ಎರಡೂ ಸಿಗ್ಲಿಲ್ಲ ಅಂದ್ರೆ ಪೀಣ್ಯದಲ್ಲಿ ಶೀಟ್ ಮೆಟಲ್ ಕೆಲಸದವರ ಹತ್ರ ಮಾಡಿಸ್ಬಹುದು, ಚೆನ್ನಾಗಿ ತೊಳೆದ ಹಳೇ ಟ್ಯಾಂಕನ್ನೇ ಮಾದರಿಗೆ ಕೊಡಿ. ಇಲ್ಲಿ ಜನ ಎಡವೋದು ಒಳಗಿನ ಅಡ್ಡ ತಗಡಿನ ವಿಷಯದಲ್ಲಿ. ಹೊರಗಿಂದ ಕಾಣಲ್ಲ ಅಂತ ಅದನ್ನ ಬಿಟ್ಬಿಡ್ತಾರೆ, ಆಮೇಲೆ ತಿರುವಲ್ಲಿ ಪೆಟ್ರೋಲೆಲ್ಲ ಒಂದು ಮೂಲೆಗೆ ಹೋಗಿ ಪೈಪ್ ಗಾಳಿ ಎಳೆಯುತ್ತೆ, ಒಳಗೆ ಹೊಯ್ದಾಡಿ ಹೊಯ್ದಾಡಿ ವೆಲ್ಡ್ ಬಿರುಕು ಬಿಡುತ್ತೆ. 18 ಗೇಜ್ ಅಂದ್ರೆ ಸುಮಾರು 1.2 ಮಿಲಿಮೀಟರ್ ಮೈಲ್ಡ್ ಸ್ಟೀಲ್ ಸಾಕು, ದುಡ್ಡು ಇದ್ರೆ 304 ಸ್ಟೇನ್‌ಲೆಸ್ ಇನ್ನೂ ಒಳ್ಳೇದು. ಜಿಐ ಶೀಟ್, ಅಂದ್ರೆ ಸತು ಲೇಪಿಸಿದ ತಗಡು ಬೇಡ, ಎಥನಾಲಿಗೂ ಸತುವಿಗೂ ಆಗಲ್ಲ. ಪೆಟ್ರೋಲ್ ಎಳೆಯೋ ಪೈಪ್ ತಳಕ್ಕೆ ಅಂಟಿರಬಾರ್ದು, ಒಂದು ಸೆಂಟಿಮೀಟರ್ ಮೇಲಿರಲಿ, ತಳದ ನೀರು ಕಸ ಎಳೀಬಾರ್ದು. ಗಾಳಿ ಆಡೋ ವೆಂಟ್ ಪೈಪ್ ಮರೀಬೇಡಿ. ಲೀಕ್ ಟೆಸ್ಟಿಗೆ ಕಂಪ್ರೆಸರ್ ಹಚ್ಚೋಕೆ ಬಿಡ್ಬೇಡಿ, ಸೈಕಲ್ ಪಂಪಲ್ಲಿ 2 ಪಿಎಸ್‌ಐ, ಮೇಲೆ ಸೋಪು ನೀರು, ಅಷ್ಟೇ. 50 ಸೆಂಟಿಮೀಟರ್ ಅಗಲ 70 ಸೆಂಟಿಮೀಟರ್ ಉದ್ದದ ತಗಡಿನ ಮೇಲೆ ಬರೀ 3 ಪಿಎಸ್‌ಐ ಅಂದ್ರೇ 700 ಕೆಜಿಗೂ ಮೇಲಿನ ಒತ್ತಡ, ಟ್ಯಾಂಕ್ ಉಬ್ಬಿ ಜಾಯಿಂಟ್ ಕಿತ್ತು ಬರುತ್ತೆ. ಇನ್ನು ಓಮ್ನಿ ಟ್ಯಾಂಕನ್ನ ಡಿಕ್ಕಿ ಒಳಗೆ ಕೂರಿಸೋ ಐಡಿಯಾ ಯಾರಾದ್ರೂ ಕೊಟ್ರೆ ಬೇಡ ಅನ್ನಿ, ಆವಿಯೆಲ್ಲ ಕಾರೊಳಗೆ ಬರುತ್ತೆ, ಹಿಂದಿಂದ ಯಾರಾದ್ರೂ ಗುದ್ದಿದ್ರೆ ಟ್ಯಾಂಕು ಸೀಟಿಗೇ ಬರುತ್ತೆ.

ಈಗ ನೀವು ಮನೇಲಿ ಮಾಡೋದು. ನಾನಾಗಿದ್ರೆ ಕೆಲಸ ಎರಡು ಭಾಗ ಮಾಡ್ತೀನಿ. ಪೆಟ್ರೋಲ್ ಇಳಿಸಿ ಟ್ಯಾಂಕ್ ಬಿಚ್ಚೋದು, ತೊಳೆಸೋದು ಗ್ಯಾರೇಜಲ್ಲಿ. ಆಮೇಲೆ ಹೊಸ ಟ್ಯಾಂಕಿಗೆ ಪೇಂಟ್, ಹೋಸು, ಫ್ಲೋಟು, ಪಟ್ಟಿ ರಬ್ಬರು, ಕೂರಿಸೋದು ಇವೆಲ್ಲ ನಿಮ್ಮ ಕೈಲಿ, ಆ ಹೊಸ ಟ್ಯಾಂಕಲ್ಲಿ ಇನ್ನೂ ಪೆಟ್ರೋಲ್ ಬಿದ್ದಿರಲ್ಲ, ಗಾಡಿಯ ಪೈಪಲ್ಲಿ ಉಳಿದಿರೋದನ್ನೂ ಗ್ಯಾರೇಜಲ್ಲೇ ಖಾಲಿ ಮಾಡಿಸಿ ಬಾಯಿ ಮುಚ್ಚಿಸಿ ತನ್ನಿ. ಸಂಪ್ ಇಲ್ಲದ, ನಾಲ್ಕೂ ಕಡೆ ಗಾಳಿ ಆಡೋ ಬಯಲು ಜಾಗ ಸಿಕ್ಕಿ, ಇಳಿಸೋದನ್ನೂ ನೀವೇ ಮಾಡ್ತೀರಾ ಅಂದ್ರೆ ಹೀಗೆ ಮಾಡಿ. ಮೊದಲು ಗಾಡಿ ಓಡಿಸಿ ಓಡಿಸಿ ಪೆಟ್ರೋಲ್ ಆದಷ್ಟು ಕಡಿಮೆ ಮಾಡ್ಕೊಳ್ಳಿ, ಇಂಜಿನ್ ಸೈಲೆನ್ಸರ್ ಪೂರ್ತಿ ತಣ್ಣಗಾಗ್ಲಿ, ಬೆಳಿಗ್ಗೆ ಹೊತ್ತಲ್ಲಿ ಮಾಡಿ. ಬ್ಯಾಟರಿ ಅರ್ತ್ ಕೇಬಲ್ ತೆಗೀರಿ. ಪಾಲಿಯೆಸ್ಟರ್ ಬಟ್ಟೆ ಬೇಡ, ಕಾಟನ್ ಹಾಕ್ಕೊಳ್ಳಿ, ಫೋನ್ ದೂರ ಇಡಿ, ಅಗರಬತ್ತಿ ದೀಪ ಇವೆಲ್ಲ ಅವತ್ತು ಆ ಕಡೆ ಬೇಡ. ಎಬಿಸಿ ಪೌಡರಿನ ಬೆಂಕಿ ಆರಿಸೋ ಸಿಲಿಂಡರ್ ಕೈಗೆ ಸಿಗೋ ಹಂಗೆ ಇರಲಿ, ನೀರಿನ ಬಕೆಟ್ ಕೆಲಸಕ್ಕೆ ಬರಲ್ಲ, ಉರಿಯೋ ಪೆಟ್ರೋಲ್ ನೀರಿನ ಮೇಲೆ ತೇಲಿ ಇನ್ನೂ ದೂರ ಹೋಗುತ್ತೆ.

ಬಾಯಲ್ಲಿ ಪೈಪ್ ಇಟ್ಟು ಎಳೆಯೋದು ನಮ್ಮಲ್ಲಿ ಎಲ್ಲರಿಗೂ ಬರುತ್ತೆ, ದಯವಿಟ್ಟು ಬೇಡ. ಒಂದು ಗುಟುಕು ಶ್ವಾಸಕೋಶಕ್ಕೆ ಹೋದ್ರೆ ನ್ಯುಮೋನಿಯಾ ಆಗುತ್ತೆ, ಆ ಹುಡುಗನಿಗೂ ಇದನ್ನ ಹೇಳಿ. ಕೈಲಿ ಒತ್ತೋ ರಬ್ಬರ್ ಪಂಪ್ ಸಿಗುತ್ತೆ, ಅದು ಸಾಕು. ಪ್ಲಾಸ್ಟಿಕ್ ಬಿಂದಿಗೆ, ನೀರಿನ ಕ್ಯಾನ್ ಬೇಡ, ಸ್ಟ್ಯಾಟಿಕ್ ಕಿಡಿ ಬರುತ್ತೆ, ಲೋಹದ ಕ್ಯಾನನ್ನ ನೆಲದ ಮೇಲಿಟ್ಟು ಟ್ಯಾಂಕಿಗೂ ಕ್ಯಾನಿಗೂ ಒಂದು ವೈರ್ ಕಟ್ಟಿ ತುಂಬಿ. ಕಾನೂನೂ ಅದನ್ನೇ ಹೇಳೋದು, 1934ರ ಪೆಟ್ರೋಲಿಯಂ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ದೆ ಸ್ವಂತಕ್ಕೆ ಒಟ್ಟು 30 ಲೀಟರ್ ತನಕ ಪೆಟ್ರೋಲ್ ಇಟ್ಕೊಳ್ಳಬಹುದು, ಲೋಹದ ಪಾತ್ರೆ ಆದ್ರೆ ಒಂದೊಂದೂ 25 ಲೀಟರ್ ಮೀರಬಾರ್ದು, ಬಾಯಿ ಭದ್ರವಾಗಿ ಮುಚ್ಚಿರಬೇಕು.

ಗಾಡಿ ಎತ್ತಿದ ಮೇಲೆ ಜಾಕ್ ಸ್ಟ್ಯಾಂಡ್ ಇಡ್ದೆ ಕೆಳಗೆ ತಲೆ ಹಾಕ್ಬೇಡಿ, ಹಾಲೋ ಬ್ಲಾಕ್ ಇಡೋದು ಬೇಡ, ಅದು ಹೇಳ್ದೆ ಕೇಳ್ದೆ ಪುಡಿಯಾಗುತ್ತೆ. ತುಕ್ಕು ಹಿಡಿದ ಬೋಲ್ಟನ್ನ ಹಿಂದಿನ ರಾತ್ರೀನೇ ರಸ್ಟ್ ಸ್ಪ್ರೇ ಹಾಕಿ ನೆನೆಸಿ, ಬರ್ಲಿಲ್ಲ ಅಂದ್ರೆ ಹ್ಯಾಕ್ಸಾ ಬ್ಲೇಡಲ್ಲಿ ಎಣ್ಣೆ ಹಾಕ್ಕೊಂಡು ನಿಧಾನವಾಗಿ ಕೈಲೇ ಕೊಯ್ಯಿರಿ. ಗ್ರೈಂಡರ್ ಅಂತೂ ಆ ಜಾಗದಲ್ಲಿ ಕನಸಲ್ಲೂ ಬೇಡ. ಟ್ಯಾಂಕಲ್ಲಿ 20 ಲೀಟರ್ ಉಳಿದಿದ್ರೂ 15 ಕೆಜಿ ಎಕ್ಸ್ಟ್ರಾ, ಅದು ಒಂದು ಕಡೆ ವಾಲಿ ಕೈ ತಪ್ಪಿಸುತ್ತೆ, ಇಬ್ಬರು ಇರಿ. ಒಳಗಿನ ಕೆಸರನ್ನ ಬರಿಗೈಲಿ ಮುಟ್ಬೇಡಿ, ನಮ್ಮ ದೇಶದಲ್ಲಿ ಸೀಸದ ಪೆಟ್ರೋಲ್ ನಿಂತಿದ್ದು 2000ದ ಫೆಬ್ರವರೀಲಿ, ನಿಮ್ಮ ಗಾಡಿ 14 ವರ್ಷ ಆ ಪೆಟ್ರೋಲನ್ನೂ ಕುಡಿದಿದೆ. ತೊಳೆದ ನೀರನ್ನ ಮೋರಿಗೆ ಬಿಡ್ಬೇಡಿ, ಅದು ರಾಜಕಾಲುವೆಗೆ ಹೋಗುತ್ತೆ, ಮುಚ್ಚಿದ ಡಬ್ಬೀಲಿ ಹಾಕಿ ಗ್ಯಾರೇಜಲ್ಲಿ ವೇಸ್ಟ್ ಆಯಿಲ್ ತಗೊಂಡು ಹೋಗೋರಿಗೆ ಕೊಡಿ.

ಹೊಸ ಟ್ಯಾಂಕ್ ಕೂರಿಸೋವಾಗ ಎಲ್ಲರೂ ಮರೆಯೋದು ಅರ್ತ್. ಫ್ಯುಯೆಲ್ ಗೇಜು ಟ್ಯಾಂಕಿನ ಬಾಡಿ ಮೂಲಕನೇ ಅರ್ತ್ ತಗೊಳ್ಳೋದು, ಹೊಸ ಪೇಂಟು ಹೊಸ ರಬ್ಬರ್ ಹಾಕಿದ ಮೇಲೆ ಆ ಸಂಪರ್ಕ ಹೋಗಿ ಗೇಜು ಸುಳ್ಳು ಹೇಳೋಕೆ ಶುರು ಮಾಡುತ್ತೆ. ಫ್ಲೋಟಿನ ಒಂದು ಸ್ಕ್ರೂಯಿಂದ ಬಾಡಿಗೆ ಪ್ರತ್ಯೇಕ ವೈರ್ ಕೊಟ್ಬಿಡಿ. ಕಾರ್ಕ್ ಬದ್ಲು ಪೆಟ್ರೋಲ್ ತಡೆಯೋ ವೈಟನ್ ರಬ್ಬರಿನ ಗ್ಯಾಸ್ಕೆಟ್ ಕತ್ತರಿಸಿ ಹಾಕಿ, ಹೋಸುಗಳು ಪೆಟ್ರೋಲ್ ಹೋಸಿನ ಗುಣಮಟ್ಟದ ಗುರುತಾದ ಎಸ್‌ಎಇ ಜೆ30 ಆರ್9 ಅಂತ ಮೇಲೆ ಅಚ್ಚು ಹಾಕಿರೋದೇ ಇರಲಿ, ಮೀಟರ್ ಲೆಕ್ಕದಲ್ಲಿ ಕೊಡೋ ಹೆಸರಿಲ್ಲದ ಹೋಸ್ ಇ20ಗೆ ತಡೆಯಲ್ಲ. ಟ್ಯಾಂಕಿಂದ ಪಂಪಿನ ತನಕ ಪೆಟ್ರೋಲನ್ನ ಪಂಪ್ ಹೀರ್ಕೊಳ್ಳುತ್ತೆ, ಅಲ್ಲಿ ಹೋಸ್ ಬಿರುಕು ಬಿಟ್ರೆ ಹೊರಗೆ ಸೋರೋ ಬದ್ಲು ಒಳಗೆ ಗಾಳಿ ಎಳೆಯುತ್ತೆ, ಗಾಡಿ ಜರ್ಕ್ ಹೊಡೆಯೋದಕ್ಕೆ ಅದೂ ಕಾರಣ ಇರಬಹುದು. ಪಂಪಿನ ಒಳಗಿನ ಪರದೆ, ಅಂದ್ರೆ ಡಯಾಫ್ರಾಮನ್ನೂ ಬದಲಾಯಿಸಿ, ಅದು ಹರಿದ್ರೆ ಪೆಟ್ರೋಲ್ ಇಂಜಿನ್ ಆಯಿಲಿಗೆ ಸೇರುತ್ತೆ, ಆಯಿಲ್ ಸ್ಟಿಕ್ ಮೂಸಿದ್ರೆ ಗೊತ್ತಾಗುತ್ತೆ. ವೆಂಟ್ ಇಲ್ಲದ ಮುಚ್ಚಳ ಹಾಕಿ ವೆಂಟ್ ಪೈಪನ್ನೂ ಮುಚ್ಚಿದ್ರೆ ಸ್ವಲ್ಪ ದೂರ ಹೋಗಿ ಗಾಡಿ ನಿಲ್ಲುತ್ತೆ, ಮುಚ್ಚಳ ತೆಗೆದಾಗ ಬುಸ್ ಅಂದ್ರೆ ಅದೇ ತೊಂದರೆ.

ಮೊದಲ ಸಲ ಐದು ಲೀಟರ್ ಮಾತ್ರ ಹಾಕಿ, ಆ ರಾತ್ರಿ ಬಯಲಲ್ಲೇ ನಿಲ್ಲಿಸಿ, ಬೆಳಿಗ್ಗೆ ಸೀಮೆಸುಣ್ಣದ ಪುಡಿ ಹಾಕಿ ನೋಡಿ. ಆಮೇಲೆ ಫುಲ್ ಮಾಡಿ ಇನ್ನೊಂದ್ಸಲ ನೋಡಿ, ಮೇಲ್ಗಡೆ ಹೋಸು ಗ್ಯಾಸ್ಕೆಟ್ ಪರೀಕ್ಷೆ ಆಗೋದು ಆಗ್ಲೇ. ಒಂದೆರಡು ನೂರು ಕಿಲೋಮೀಟರ್ ಓಡಿದ ಮೇಲೆ ಫಿಲ್ಟರ್ ಬದಲಾಯಿಸಿ, ಹಳೇ ಲೈನಲ್ಲಿ ಉಳಿದ ಕಸ ಅಷ್ಟರಲ್ಲಿ ಬಂದಿರುತ್ತೆ.

ಹಳೇ ಟ್ಯಾಂಕನ್ನ ಗುಜರಿಗೆ ಕೊಡೋವಾಗ ಒಂದು ಮಾತು ಹೇಳಿ ಕೊಡಿ. ಅಲ್ಲಿ ಯಾರೋ ಹುಡುಗ ಅದನ್ನ ಗ್ಯಾಸ್ ಕಟರಲ್ಲಿ ಕೊಯ್ಯೋಕೆ ಕೂರ್ತಾನೆ, ಅದು ಪೆಟ್ರೋಲ್ ಟ್ಯಾಂಕ್ ಅಂತ ಅವನಿಗೆ ಗೊತ್ತಿರಲ್ಲ. ಸೋಪು ನೀರಲ್ಲಿ ತೊಳೆದು, ಎಲ್ಲ ಬಾಯಿ ತೆರೆದು, ಮೇಲೆ ದೊಡ್ಡದಾಗಿ ಪೆಟ್ರೋಲ್ ಅಂತ ಪೇಂಟಲ್ಲಿ ಬರೆದು, ಬೆಂಕಿ ತೋರಿಸ್ಬೇಡಿ ಸುತ್ತಿಗೇಲೂ ಹೊಡೀಬೇಡಿ ಅಂತ ಬಾಯಿಬಿಟ್ಟು ಹೇಳಿ ಕೊಡಿ.